ಕಾಶಮ್ಮಾಯಿ ಎಣಿಸಿದ ಏಳು ಮಂದಿ

ಕಾಶಮ್ಮಾಯಿ ಮೊದಲು ಕಿವಿ ಹಿಡಿಯುತ್ತಿದ್ದಳು, ಆಮೇಲೆ ಮಾತಾಡಿಸುತ್ತಿದ್ದಳು. ಅಂಗಳಕ್ಕೆ ಬಂದ ಮಗು ನೆಂಟರದಾಗಿದ್ದರೆ ಮುಗಿಯಿತು. ಹತ್ತಿರಕ್ಕೆಳೆದು, ಕಿವಿಯನ್ನು ಬೆಳಕಿಗೆ ತಿರುಗಿಸಿ, ಹಾಲೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ತೀರ್ಪು ಕೊಡುತ್ತಿದ್ದಳು. ನನಗೆ ಆರು ವರ್ಷವಿದ್ದಾಗ ಕೊಟ್ಟ ತೀರ್ಪು ನನಗಿನ್ನೂ ನೆನಪಿದೆ: "ಈ ಕಿವಿ ನಿಂದಲ್ಲ ಸುನಂದಿ. ನಮ್ಮ ಭೀಮಣ್ಣ ಮುತ್ಯಾಂದು. ಅವಾ ಸತ್ತು ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ದನೋ ಏನೋ, ಈಗ ನಿನಗ ಕೊಟ್ಟಾನ. ಛಂದಾಗಿ ತೊಳಿ!"

ಅವಳು ನನ್ನ ಮುತ್ಯಾನ, ಅಂದರೆ ಅಜ್ಜನ, ತಂಗಿ; ನನ್ನಪ್ಪನ ಸೋದರತ್ತೆ. ಬೇಮಳಖೇಡದಲ್ಲಿ ಹುಟ್ಟಿ, ಅದೇ ಊರಿಗೆ ಸೊಸೆಯಾಗಿ, ತವರಿಗೂ ಗಂಡನ ಮನೆಗೂ ನಡುವೆ ಎರಡೇ ಓಣಿ ದಾಟುತ್ತಾ ಜೀವನ ಕಳೆದವಳು. ನಮ್ಮದು ಕುರಿ ಸಾಕುವ ಮನೆತನ. ಸಂಜೆ ಮೇಯ್ದು ಬಂದ ತಾಯಿ ಕುರಿಗಳು ಹಟ್ಟಿಯ ಬಾಗಿಲಲ್ಲಿ ಅರಚುವಾಗ, ಒಳಗಿನ ನೂರಾರು ಮರಿಗಳಲ್ಲಿ ಯಾವ ಮರಿ ಯಾವ ತಾಯಿಯದೆಂದು ಆಯಿ ನೋಡಿದೊಡನೆ ಹೇಳಿ ಬಿಡುತ್ತಿದ್ದಳು. ಮನುಷ್ಯರ ಮೇಲೂ ಅದೇ ವಿದ್ಯೆ. ಯಾರ ಸೀನು ಯಾರಿಂದ ಬಂತು, ಯಾರ ಸಿಟ್ಟು ಯಾವ ಮುತ್ತಜ್ಜಿಯದು, ಎಲ್ಲದರ ಲೆಕ್ಕವೂ ಅವಳಿಗೆ ಬಾಯಿಪಾಠ.

ನಾವಿದ್ದದ್ದು ಹುಮನಾಬಾದಿನಲ್ಲಿ. ಅಪ್ಪನಿಗೆ ಅಲ್ಲಿ ಗ್ಯಾರೇಜಿನ ಕೆಲಸ. ರವಿವಾರ ಬಂದರೆ ನಾನು ಬೇಮಳಖೇಡದ ಬಸ್ಸು ಹತ್ತುತ್ತಿದ್ದೆ. ಊಟ ಮುಗಿಸಿ ಆಯಿ ಹಟ್ಟಿಯ ಪಕ್ಕದ ನೆರಳಲ್ಲಿ ಕೂತು ವಂಶಾವಳಿ ಶುರು ಮಾಡುತ್ತಿದ್ದಳು. ಅದಕ್ಕೆ ಪಾಟಿಯೂ ಬೇಡ, ಬಳಪವೂ ಬೇಡ. ಕೈಯಳತೆಯಲ್ಲಿ ಸಿಗುತ್ತಿದ್ದದ್ದು ಕುರಿ ಹಿಕ್ಕಿ. ಒಣಗಿದ್ದನ್ನು ಆರಿಸಿ ನೆಲದ ಮೇಲೆ ಒಂದೊಂದೇ ಇಡುತ್ತಿದ್ದಳು.

"ಇವಾ ಭೀಮಣ್ಣ ಮುತ್ಯಾ. ಇಕಿ ಅವನ ಹೇಣ್ತಿ ಸಂಗಮ್ಮ. ಇವ್ರಿಗಿ ಏಳು ಮಂದಿ. ಇವಾ ದೊಡ್ಡಾವ, ಇವಾ ನಡುವಿನಾವ, ಇವಾ ನಿಮ್ಮ ಮುತ್ಯಾ."

"ಮುತ್ಯಾ ಭಾಳ ಸಣ್ಣದು ಆತಲ್ಲ ಆಯಿ."

"ಇದ್ದದ್ದೇ ಅಷ್ಟು. ಸುಮ್ಮ ಕೇಳು. ಇಕಿ ಶಾಂತವ್ವ, ಇಕಿ ಗುರವ್ವ, ಇಕಿ ನಾ."

ನಾನು ಬೆರಳು ಮಡಚಿ ಎಣಿಸಿದೆ. ಮಕ್ಕಳ ಹೆಸರು ಆರೇ ಆಗಿದ್ದವು, ಅವರ ಸಾಲಿನಲ್ಲಿದ್ದ ಹಿಕ್ಕಿ ಏಳು. ಕೊನೆಯದನ್ನು ಆಯಿ ತನ್ನ ಪಕ್ಕದಲ್ಲೇ ಇಟ್ಟಿದ್ದಳು.

"ಮತ್ತ ಇದು ಯಾರು?"

"ಅದಾ? ಅದು ಹಿಕ್ಕಿ," ಅಂದು ಸೆರಗು ಕೊಡವಿ ಎದ್ದು ಹೋದಳು.

ಪ್ರತಿ ಸಲವೂ ಹೀಗೇ ಆಗುತ್ತಿತ್ತು. ಏಳು ಇಡುತ್ತಿದ್ದಳು, ಆರು ಹೇಳುತ್ತಿದ್ದಳು. ಅಪ್ಪನನ್ನು ಕೇಳಿದರೆ "ನಿನಗ್ಯಾಕ ಬೇಕು" ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ಹುಮನಾಬಾದಿನಿಂದ ಬಸವಕಲ್ಯಾಣ ಒಂದು ತಾಸಿನ ದಾರಿ. ಆದರೂ ನಮ್ಮ ಮಂದಿ ಯಾರೂ ಆ ಊರಿನ ಬಸ್ಸು ಹತ್ತುತ್ತಿರಲಿಲ್ಲ. ಸೀರೆ ಬೇಕಾದರೆ ಕಲಬುರಗಿ, ಪಾತ್ರೆ ಬೇಕಾದರೆ ಬೀದರ. ಬಸವಕಲ್ಯಾಣದಲ್ಲಿ ನೆಂಟರ ಮದುವೆಯಿದ್ದರೆ ಮುತ್ಯಾನಿಗೆ ಅಂದೇ ಮೊಣಕಾಲು ನೋವು ಬರುತ್ತಿತ್ತು.

ನಾನು ಬಿ.ಎಡ್. ಮುಗಿಸಿದ ವರ್ಷ ಮುತ್ಯಾ ತೀರಿಕೊಂಡ. ಏಳು ಮಂದಿಯಲ್ಲಿ ನಮಗೆ ಗೊತ್ತಿದ್ದಂತೆ ಉಳಿದವಳು ಕಾಶಮ್ಮಾಯಿ ಒಬ್ಬಳೇ. ಕೆಲವು ತಿಂಗಳಿಗೆ ನನ್ನ ನೌಕರಿಯ ಅರ್ಜಿಗೆ ಜಾತಿ ಪ್ರಮಾಣಪತ್ರ ಬೇಕಾಯಿತು. ಅದಕ್ಕೆ ವಂಶಾವಳಿ ಬೇಕೆಂದರು. ಅಪ್ಪನ ತಮ್ಮ ಕಾಕಾ ಅದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡ. ಹಿರಿಯರೊಬ್ಬರ ಸಾಕ್ಷಿಗೆಂದು ಆಯಿಯನ್ನೂ ಕರೆದುಕೊಂಡು ನಾವು ಮೂವರು ನಾಡಕಚೇರಿಗೆ ಹೋದೆವು.

ತಲಾಟಿ, ಅಂದರೆ ಗ್ರಾಮ ಲೆಕ್ಕಿಗರು, ಎಳೆಯ ವಯಸ್ಸಿನವರು, ಬಹಳ ತಾಳ್ಮೆಯವರು. ಹಾಳೆ ನೋಡಿ ಕೇಳಿದರು: "ಭೀಮಣ್ಣಗ ಮೂರು ಗಂಡುಮಕ್ಕಳು ಅಂತ ಬರ್ದೀರಿ. ಹೆಣ್ಮಕ್ಕಳು ಇರಲಿಲ್ಲೇನ್ರಿ?"

ಕಾಕಾ, "ಅವ್ರೆಲ್ಲ ಕೊಟ್ಟ ಮನಿಗಿ ಹೋದವ್ರು ರೀ," ಅಂದ.

ಕುರ್ಚಿಯಲ್ಲಿ ಕೂತಿದ್ದ ಆಯಿ ಮುಂದಕ್ಕೆ ಬಾಗಿದಳು. "ಸಾಹೇಬ್ರ, ಹಂಗಾದ್ರ ನಾ ಯಾರ್ರಿ? ಕುರಿಮರಿ ಏನ್ರಿ?"

ತಲಾಟಿ ನಕ್ಕು ಪೆನ್ನು ಹಿಡಿದರು. "ಹೇಳ್ರಿ ಆಯಿ, ಎಲ್ಲಾರದೂ ಬರ್ಕೋತೀನಿ."

ಆಯಿ ಶಾಂತವ್ವ ಅಂದಳು, ಗುರವ್ವ ಅಂದಳು, ಕಾಶಮ್ಮ ಅಂದಳು. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಆಮೇಲೆ ನೆಟ್ಟಗೆ ಕೂತು, "ನೀಲಮ್ಮ" ಅಂದಳು.

ಕಾಕಾನ ಮುಖ ಬಿಳಿಚಿತು. "ಅತ್ತಿ, ಏನ್ ಮಾಡಾಕತ್ತಿ?"

"ಹೆಸರು ಹೇಳಾಕತ್ತೀನಿ. ಅಪ್ಪ ನಮಗೆಲ್ಲ ಮಲ್ಲಣ್ಣ ದೇವರ ಭಂಡಾರ ಮುಟ್ಟಿಸಿ ಆಣಿ ಮಾಡಿಸಿದ್ದ, ನಿಮ್ಮ ಅಣ್ಣತಮ್ಮರೊಳಗ ಒಬ್ಬನಾದ್ರೂ ಇರೂತನಕ ಅಕಿ ಹೆಸರು ತಗೀಬಾರದು ಅಂತ. ಕಡೀ ಅಣ್ಣ ಹೋದ. ಆಣಿ ತೀರಿತು. ಬರೀರಿ ಸಾಹೇಬ್ರ, ನೀಲಮ್ಮ."

"ಹಯಾತ್ ಅದಾರೋ, ತೀರಿಕೊಂಡಾರೋ?" ತಲಾಟಿ ಮೆಲ್ಲಗೆ ಕೇಳಿದರು.

ಅದು ಆಯಿಗೂ ಗೊತ್ತಿರಲಿಲ್ಲ. "ಎರಡು ದಿನ ಟೈಮ್ ಕೊಡ್ರಿ," ಅಂದು ನನ್ನ ಮುಂಗೈ ಹಿಡಿದು ಎದ್ದಳು.

ಮರುದಿನ ಹುಮನಾಬಾದಿನ ಬಸ್‌ಸ್ಟ್ಯಾಂಡಿನಿಂದ ನಾವಿಬ್ಬರೂ ಬಸವಕಲ್ಯಾಣದ ಬಸ್ಸು ಹತ್ತಿದೆವು. ದಾರಿಯಲ್ಲಿ ಆಯಿ ಕಿಟಕಿಯ ಹೊರಗೆ ನೋಡುತ್ತಲೇ ಎಲ್ಲವನ್ನೂ ಹೇಳಿದಳು. ನೀಲಮ್ಮ ಅವಳ ಬೆನ್ನಿಗೆ ಹುಟ್ಟಿದ ತಂಗಿ. ಕೊಹಿನೂರು ಎಂಬ ಊರಿನ ಒಂದು ಮನೆಗೆ ಕೊಡುವುದೆಂದು ಮಾತಾಗಿತ್ತು. ಆಗ ತೊಗರಿ ತುಂಬಲು ಬಂದ ಲಾರಿಯೊಂದು ಹಟ್ಟಿಯ ಎದುರಿಗೇ ಕೆಟ್ಟು ನಿಂತಿತು. ಬಿಡಿಭಾಗ ಬರುವವರೆಗೆ ನಾಲ್ಕು ದಿನ. ಲಾರಿಯ ಜೊತೆ ಬಸವಕಲ್ಯಾಣದ ಪೇಂಟರ್ ಮಾರುತಿ ಇದ್ದ. ಸುಮ್ಮನೆ ಕೂರಲಾರದೆ ಅವನು ಲಾರಿಯ ಹಿಂಬದಿಯ ಹಲಗೆಗೆ ಕುರಿಮರಿಯ ಚಿತ್ರ ಬರೆಯತೊಡಗಿದ. ಮರಿ ಅಲ್ಲಾಡದಂತೆ ಹಿಡಿಯಲು ಒಬ್ಬರು ಬೇಕಾಗಿತ್ತು.

"ನೀಲಿ ಹಿಡದಳು. ನಾಕು ದಿನ ಹಿಡದಳು. ಒಂದು ಮರಿ ಬರ್ಯಾಕ ನಾಕು ದಿನ ಬೇಕೇನ? ನನಗ ಆವಾಗೇ ಸಂಶೆ ಬಂತು."

ಐದನೆಯ ದಿನ ಲಾರಿ ಹೊರಟಿತು. ಜೊತೆಗೆ ನೀಲಮ್ಮನೂ ಹೋದಳು. ಆಯಿ ಕಣ್ಣಾರೆ ನೋಡಿದ್ದಳು. ಭೀಮಣ್ಣ ಮುತ್ಯಾ ಕೋಲು ಹಿಡಿದು ಬಂದು "ಯಾ ಕಡಿ ಹೋದಳು?" ಎಂದು ಕೇಳಿದಾಗ, ಆಯಿ ಚಿಟಗುಪ್ಪದ ದಾರಿ ತೋರಿಸಿದಳು. ಲಾರಿ ಹೋಗಿದ್ದದ್ದು ಹುಮನಾಬಾದಿನ ಕಡೆಗೆ. ಅವಳು ಬಸವಕಲ್ಯಾಣದಲ್ಲಿದ್ದಾಳೆಂದು ತಿಳಿಯುವಷ್ಟರಲ್ಲಿ ಮದುವೆ ಮುಗಿದುಹೋಗಿತ್ತು; ಮುತ್ಯಾ ಆಣೆ ಮಾಡಿಸಿದ್ದು ಆಮೇಲೆ.

"ಆಣಿ ಹೆಸರು ತಗೀಬಾರದು ಅಂತ ಇತ್ತು. ಸುಳ್ಳು ಹೇಳಿದ್ದು ಅದಕಿಂತ ಮೊದಲೇ," ಅಂದು ಆಯಿ ನಕ್ಕಳು. ಕೂಡಲೇ ನಗೆ ನಿಂತಿತು. "ಆದ್ರ ಸುನಂದಿ, ಅವಾ ಕುಡದು ಬಡಿಯೋನಾಗಿದ್ರ? ಅಕಿನ್ನ ಎಲ್ಲೋ ಬಿಟ್ಟು ಹೋಗಿದ್ರ? ತಡದಿದ್ರ ತಡೀಬಹುದಿತ್ತು. ನಾ ಮಾಡಿದ್ದು ಛಲೋ ಆತೋ ಕೆಟ್ಟಾತೋ, ಇಷ್ಟು ವರ್ಷ ನನಗ ಗೊತ್ತೇ ಆಗಲಿಲ್ಲ."

ಬಸವಕಲ್ಯಾಣದಲ್ಲಿ ಲಾರಿ ಕೆಲಸದ ಶೆಡ್ಡುಗಳ ಸಾಲಿಗೆ ಹೋಗಿ ಪೇಂಟರ್ ಮಾರುತಿಯ ಹೆಸರು ಹೇಳಿದೆವು. ಮೂರನೆಯ ಶೆಡ್ಡಿನಲ್ಲಿ ಕೈತುಂಬ ಹಸಿರು ಬಣ್ಣ ಮೆತ್ತಿಕೊಂಡ ಒಬ್ಬಾತ ಬ್ರಷ್ ಕೆಳಗಿಟ್ಟ. "ನಮ್ಮಪ್ಪ ರೀ ಅವ್ರು. ತೀರಿಕೊಂಡು ನಾಕು ವರ್ಷ ಆತು. ನೀವು ಯಾರ್ರಿ?"

ಆಯಿಯ ಕಣ್ಣು ಆಗಲೇ ಅವನ ಕಿವಿಯ ಮೇಲಿತ್ತು. "ನಿಮ್ಮವ್ವ?" ಅಂದಳು.

"ಮನ್ಯಾಗ ಅದಾಳ್ರಿ."

ಹಿಂದಿನ ಓಣಿಯಲ್ಲೇ ಮನೆ. ಕಟ್ಟೆಯ ಮೇಲೆ ದಪ್ಪ ಕನ್ನಡಕದ ಒಬ್ಬ ಮುದುಕಿ ಮೆಂತೆಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತಿ ಆಯಿಯನ್ನು ನೋಡಿದಳು. ಸೊಪ್ಪಿನ ಕಡ್ಡಿ ಕೈಯಲ್ಲೇ ಉಳಿಯಿತು. ಕಾಶಮ್ಮಾಯಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ನನ್ನ ಹೊಸಾ ಕಂಬಳಿ ಎಲ್ಲಿ?"

ನೀಲಮ್ಮಾಯಿ ಕನ್ನಡಕ ತೆಗೆದಳು. "ಥಂಡಿ ಇತ್ತು. ಒಯ್ದೆ. ಮೂರೂ ಮಕ್ಕಳನ್ನ ಅದರಾಗೇ ಮಲಗಿಸಿ ಬೆಳಸಿದೆ. ಹರದು ಹೋತು."

"ಹರಿಯೂ ತನಕ ಬಳಸೀದಿ ಅಂದ್ರ ಇರಲಿ ಬಿಡು," ಅಂದಳು ಆಯಿ. ಅಲ್ಲಿಗೆ ಅವಳ ಗಟ್ಟಿತನ ಮುಗಿಯಿತು. ಇಬ್ಬರೂ ಒಬ್ಬರ ಹೆಗಲಲ್ಲಿ ಒಬ್ಬರು ಮುಖವಿಟ್ಟು ಅತ್ತರು. ಮೆಂತೆಸೊಪ್ಪೆಲ್ಲ ಕಟ್ಟೆಯಿಂದ ಕೆಳಗೆ ಬಿತ್ತು. ಬಣ್ಣದ ಕೈಯ ಮಗ ಏನು ಮಾಡುವುದೆಂದು ತಿಳಿಯದೆ ಅದನ್ನೇ ಆರಿಸುತ್ತಾ ಕೂತ.

ಚಹ ಕುಡಿಯುವಾಗ ಆಯಿ ಕೇಳಿದಳು, "ಛಲೋ ನೋಡ್ಕೊಂಡನೇನ?"

"ಒಂದಿನಾನೂ ಕೈ ಎತ್ತಲಿಲ್ಲ. ಜಗಳಾಡಿದ್ರ ಮರುದಿನ ಯಾವುದಾದ್ರೂ ಲಾರಿ ಮ್ಯಾಲ ಮರಿ ಬರೀತಿದ್ದ. ಆ ಲಾರಿ ನಮ್ಮ ಓಣ್ಯಾಗಿಂದಾನೇ ಹೋಗ್ತಿತ್ತು." ನೀಲಮ್ಮಾಯಿ ಲೋಟ ಕೆಳಗಿಟ್ಟಳು. "ಒಂದು ಮಾತು ಇವತ್ತಿಗೂ ತಿಳೀಲಿಲ್ಲ ಕಾಶಿ. ಅಪ್ಪ ಬೆನ್ನು ಹತ್ತಿ ಬರ್ತಾನಂತ ಎಷ್ಟೋ ದಿನ ಬಾಗಲಾ ಹಾಕ್ಕೊಂಡೇ ಕುಂತಿದ್ವಿ. ಅವಾ ಯಾಕ ಬರಲಿಲ್ಲ?"

"ಚಿಟಗುಪ್ಪಕ್ಕ ಹೋಗಿದ್ದ," ಅಂದಳು ಆಯಿ.

ನೀಲಮ್ಮಾಯಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಅಕ್ಕನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನಾವು ಹೊರಡುವವರೆಗೂ ಬಿಡಲಿಲ್ಲ.

ತಲಾಟಿ ಏಳನೆಯ ಹೆಸರು ಬರೆದು ಮುಂದೆ ಹಯಾತ್ ಎಂದು ಸೇರಿಸಿದರು. ಕಾಕಾ ಎರಡು ತಿಂಗಳು ಮುನಿಸಿಕೊಂಡಿದ್ದ. ಆಮೇಲೆ ಹಳೆಯ ಟೆಂಪೋಗೆ ಬಣ್ಣ ಹಚ್ಚಿಸಬೇಕಾಗಿ ಬಂದು ತಾನೇ ಬಸವಕಲ್ಯಾಣಕ್ಕೆ ಹೋಗಿ, ಊಟ ಮಾಡಿ ಬಂದ.

ತೊಂದರೆಯಾದದ್ದು ಕಾಶಮ್ಮಾಯಿಗೆ. ಅಲ್ಲಿಯವರೆಗೆ ನಮ್ಮ ಮನೆತನದ ಇತಿಹಾಸಕ್ಕೆ ಅವಳೊಬ್ಬಳೇ ದಿಕ್ಕು. ಈಗ ವಿರೋಧ ಪಕ್ಷ ಹುಟ್ಟಿಕೊಂಡಿತು. ಭೀಮಣ್ಣ ಮುತ್ಯಾನ ನಾಯಿ ಕರೀದು ಎಂದು ಇವಳು ಅಂದರೆ, ಕಂದು ಎಂದು ಅವಳು. ನಮ್ಮ ಹಿರಿಯರು ದುಬಲಗುಂಡಿ ಕಡೆಯಿಂದ ಬಂದವರು ಎಂದು ಒಬ್ಬಳು, ಸೋಲಾಪುರದ ಕಡೆಯವರು ಎಂದು ಇನ್ನೊಬ್ಬಳು. ನಾನು ನೋಟುಪುಸ್ತಕ ಹಿಡಿದು ನಡುವೆ ಕೂತರೆ, "ನಂದು ಬರಕೋ, ಅಕಿದು ಬ್ಯಾಡ" ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು. ಮೂರು ವರ್ಷ ಆ ಜಗಳ ನಡೆಯಿತು. ನನಗೆ ಅಷ್ಟು ಸುಖದ ದಿನಗಳು ಮತ್ತೆ ಬಂದಿಲ್ಲ.

ಕೊನೆಯ ಸಲ ನಾನು ಕಾಶಮ್ಮಾಯಿಯನ್ನು ಕಂಡದ್ದು ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ. ತಂಗಿಯ ಮನೆಗೆ ಹೊರಟಿದ್ದಳು. ಬಸ್ಸು ಹೊರಡುವಾಗ ಕಿಟಕಿಯಿಂದ ಕೂಗಿದಳು: "ನಮ್ಮವ್ವನ ತವರಿನ ಕತಿ ನಿನಗಿನ್ನೂ ಹೇಳಿಲ್ಲ. ಭಾಳ ಮಜಾ ಅದ. ಬರೂ ರವಿವಾರ ಬಾ, ಹೇಳ್ತೀನಿ." ಶುಕ್ರವಾರ ಮಧ್ಯಾಹ್ನ, ಊಟವಾದ ಮೇಲೆ, ನೀಲಮ್ಮಾಯಿಯ ಮನೆಯಲ್ಲಿ ಮಲಗಿದವಳು ಏಳಲಿಲ್ಲ.

ತಿಂಗಳ ಮೇಲೆ ನಾನು ಬಸವಕಲ್ಯಾಣಕ್ಕೆ ಹೋಗಿ ನೀಲಮ್ಮಾಯಿಯ ಎದುರು ಪುಸ್ತಕ ತೆರೆದು, ಸಂಗಮ್ಮನ ತವರಿನ ಕತೆ ಕೇಳಿದೆ. ಅವಳು ಕನ್ನಡಕ ಸರಿ ಮಾಡಿಕೊಂಡು, ಜಗಳಕ್ಕೆ ಸಜ್ಜಾದವಳಂತೆ ಕೂತಳು.

"ಮೊದಲ ಕಾಶಿ ಏನು ಹೇಳಿದಳು, ಅದು ಹೇಳು."

"ಕಾಶಮ್ಮಾಯಿ ಅದು ಹೇಳೇ ಇಲ್ಲ ಆಯಿ."

ನೀಲಮ್ಮಾಯಿ ಖಾಲಿಯಿದ್ದ ಪಕ್ಕದ ಜಾಗವನ್ನು ಒಮ್ಮೆ ನೋಡಿದಳು.

"ಹಂಗಾದ್ರ," ಅಂದಳು, "ನಾ ಹೇಳೂದು ಖರೆ ಅದನೋ ಇಲ್ಲೋ, ಯಾರನ್ನ ಕೇಳಬೇಕು?"