ಎಡಭುಜದ ಒಂದು ಇಂಚು

ಬಹರೈನಿನ ಮುಹರ್ರಕ್‌ನ ನಮ್ಮ ಟೈಲರ್ ಅಂಗಡಿಯಲ್ಲಿ ಅಳತೆಯನ್ನು ಕೂಗಿ ಹೇಳುವುದು ಪದ್ಧತಿ. ನಾನು ಟೇಪು ಹಿಡಿದು ಕೂಗುತ್ತಿದ್ದೆ, ಹೆಂಡತಿಯ ತಮ್ಮ ಕೌಂಟರಿನಲ್ಲಿ ಕೂತು ಬರೆಯುತ್ತಿದ್ದ. ಉಡುಪಿಯಲ್ಲಿ ನನಗೆ ಕೆಲಸ ಕಲಿಸಿದವರೂ ಹಾಗೆಯೇ ಮಾಡುತ್ತಿದ್ದರು. ಯಾರ ಹೊಟ್ಟೆ ಎಷ್ಟು ಎಂದು ಇಡೀ ಬೀದಿಗೆ ಗೊತ್ತಿರುತ್ತಿತ್ತು, ಅದರಿಂದ ಯಾರ ಮಾನವೂ ಹೋಗಿರಲಿಲ್ಲ. ಬಹರೈನಿಗೆ ಬಂದ ಮೇಲೆ ಕೂಗುವುದು ಇಂಗ್ಲಿಷಿಗೆ ಬದಲಾಯಿತು, ಅಷ್ಟೆ.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಚೀನಾದ ಜೂಡೋ ಪಟುವೊಬ್ಬ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದ. ಇಲ್ಲಿನ ಕ್ಲಬ್ಬೊಂದು ಪಂದ್ಯಕ್ಕೆ ಕರೆಸಿದ್ದ ತಂಡದವನು, ಎಲ್ಲರಿಗಿಂತ ಭಾರದವರ ವಿಭಾಗದ ಚಾಂಪಿಯನ್. ಪಂದ್ಯ ಮರುದಿನ, ಅದರ ಮಾರನೆಯ ದಿನ ಔತಣ. ಔತಣಕ್ಕೆ ಕೋಟು ಬೇಕಿತ್ತು, ಅವನ ಅಳತೆಯದು ಇಡೀ ಸೂಕ್ ಬಜಾರಿನಲ್ಲಿ ಸಿಕ್ಕಿರಲಿಲ್ಲ. ಜೊತೆಗಿದ್ದ ಕೋಚು ಸಣ್ಣ ಆಳು, ಇಂಗ್ಲಿಷ್ ಬಲ್ಲವನು.

ಕೋಚು ಚಹಾ ಕುಡಿಯುತ್ತ ಶಿಷ್ಯನ ಚರಿತ್ರೆ ಹೇಳಿದ. ಅಕ್ಕಿಮೂಟೆ ಹೊರುತ್ತಿದ್ದ ಹುಡುಗನನ್ನು ತಾನೇ ಕರೆತಂದದ್ದು. ಮೊದಲ ಎರಡು ವರ್ಷ ಬರೀ ಬೀಳುವುದನ್ನು ಕಲಿಸಿದ್ದು. ಆಮೇಲೆ ಹತ್ತು ವರ್ಷ ಅವನು ಉಳಿದವರನ್ನು ಬೀಳಿಸಿದ್ದು. ಮುಂದಿನದು ಒಲಿಂಪಿಕ್ಸ್, ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಚಾಂಪಿಯನ್ ಇದೊಂದೂ ಅರ್ಥವಾಗದೆ ನನ್ನ ಇಸ್ತ್ರಿ ಪೆಟ್ಟಿಗೆಯನ್ನು ನೋಡುತ್ತ ನಿಂತಿದ್ದ.

ಎದೆಗೆ ಟೇಪು ಸಾಲಲಿಲ್ಲ, ಎರಡು ಸಲ ಹಿಡಿದೆ. ಕೂಗಿದೆ. ಬೆನ್ನು ಕೂಗಿದೆ. ಭುಜಕ್ಕೆ ಬಂದರೆ ಎಡಗಡೆ ಒಂದು ಇಂಚು ಕೆಳಗಿತ್ತು. ಅಲ್ಲಿ ಕೈ ಇಟ್ಟಾಗ ಅವನು ಉಸಿರು ಬಿಗಿಹಿಡಿದ. ಗಮನಿಸಿದೆ, ಆದರೆ ಅಷ್ಟರಲ್ಲಿ ಬಾಯಿ ತನ್ನ ಕೆಲಸ ಮುಗಿಸಿತ್ತು.

"ಲೆಫ್ಟ್ ಶೋಲ್ಡರ್, ಒನ್ ಇಂಚ್ ಡೌನ್!"

"ಒಂದು ಇಂಚಾ? ಸಮ ನೋಡಿ ಭಾವ," ಎಂದ ಹೆಂಡತಿಯ ತಮ್ಮ.

ಹದಿನೈದು ವರ್ಷದಲ್ಲಿ ಅವನು ನನ್ನ ಅಳತೆಯನ್ನು ಪ್ರಶ್ನಿಸಿದ್ದು ಅದೊಂದೇ ಸಲ. ನನಗೆ ಸಿಟ್ಟು ಬಂತು. ಇನ್ನೊಮ್ಮೆ ಅಳೆದು ಇನ್ನೂ ಜೋರಾಗಿ ಕೂಗಿದೆ.

ಕೋಚು ಲೋಟ ಕೆಳಗಿಟ್ಟ. ಎದ್ದು ಬಂದು ಆ ಭುಜವನ್ನು ಹೆಬ್ಬೆರಳಿನಿಂದ ಒತ್ತಿದ. ಚಾಂಪಿಯನ್ನನ ಮುಖ ಅಲುಗಲಿಲ್ಲ, ಕಣ್ಣಲ್ಲಿ ಮಾತ್ರ ನೀರು ಬಂತು. ಇಬ್ಬರೂ ತಮ್ಮ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. "ಆರು ತಿಂಗಳಿಂದ ಮುಚ್ಚಿಟ್ಟಿದ್ದನಂತೆ," ಎಂದು ಕೋಚು ನನಗೂ ಹೇಳಿದ, ನಾನೂ ಮನೆಯವನೇ ಎನ್ನುವ ಹಾಗೆ. ಮರುದಿನ ಅವನನ್ನು ಪಂದ್ಯಕ್ಕೆ ಇಳಿಸಲಿಲ್ಲ. ಒಲಿಂಪಿಕ್ಸಿಗೂ ಬೇರೆಯವನನ್ನು ಕಳಿಸುವುದೆಂದು ತೀರ್ಮಾನವಾಯಿತಂತೆ.

ತಪ್ಪು ಮಾಡಿದ್ದೆ, ಮಾಡಿದ್ದನ್ನು ಬಿಚ್ಚಿ ಹೊಲಿಯುವ ಹಾಗಿರಲಿಲ್ಲ. ಕೋಟಿನ ಎಡಭುಜದೊಳಗೆ ಮಾತ್ರ ಹತ್ತಿಯನ್ನು ಪದರ ಪದರವಾಗಿ ಕೂರಿಸಿದೆ. ಔತಣದ ದಿನ ಅವನು ಬಂದು ತೊಟ್ಟುಕೊಂಡು ಕನ್ನಡಿಯೆದುರು ನಿಂತಾಗ ಎರಡೂ ಭುಜ ಸಮವಾಗಿತ್ತು. ನಾನು ಹೊಲಿದದ್ದರಲ್ಲಿ ಅಷ್ಟು ಚೆನ್ನಾಗಿ ಕೂತ ಕೋಟು ಇನ್ನೊಂದಿಲ್ಲ.

ಅವನು ಎಡಕ್ಕೆ ತಿರುಗಿ ನೋಡಿಕೊಂಡ, ಬಲಕ್ಕೆ ತಿರುಗಿ ನೋಡಿಕೊಂಡ. ಎಡಭುಜವನ್ನು ಮುಟ್ಟಿ ಕೋಚಿಗೆ ಏನೋ ಹೇಳಿದ. ಕೋಚು ಆ ಭುಜವನ್ನು ತಾನೂ ಒಮ್ಮೆ ಮುಟ್ಟಿ ನೋಡಿ ನನ್ನತ್ತ ತಿರುಗಿದ.

"ಇಂಥದ್ದೇ ಒಂದು ಭುಜವನ್ನು ಜೂಡೋ ಅಂಗಿಯೊಳಗೂ ಹೊಲಿದುಕೊಡಲು ಆಗುತ್ತದಾ ಎಂದು ಕೇಳುತ್ತಿದ್ದಾನೆ."

ಆಗುವುದಿಲ್ಲ ಎಂದೆ. ಈ ಸಲ ಮೆಲ್ಲಗೆ ಹೇಳಿದೆ.