ಡ್ಯಾಮು ನೋಡಲು ಹೊರಟ ಆರು ಮಂದಿ

ತುಂಗಭದ್ರಾ ಡ್ಯಾಮಿನಲ್ಲಿ ನೀರು ನಿಂತ ಮೇಲೆ ಆದೋನಿಯ ನಮ್ಮ ಓಣಿಯಲ್ಲಿ ಅದರದೇ ಮಾತು. ಆದರೆ ಹೋಗಿ ನೋಡಿಬಂದವರೆಲ್ಲ ಕೈಯಲ್ಲಿ ನಾಲ್ಕು ಕಾಸು ಇದ್ದವರು. ಹತ್ತಿ ಮಿಲ್ಲಿನ ಕೂಲಿಯಾಗಿದ್ದ ಅಪ್ಪ ಅದು ನಮ್ಮಂಥವರಿಗೆ ಆಗುವ ಮಾತಲ್ಲವೆಂದು ಕೈಬಿಟ್ಟಿದ್ದ. ಅವ್ವ ಬಿಡಲಿಲ್ಲ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವುದು ಬರುತ್ತಿತ್ತು. ಆ ಬೇಸಿಗೆಯಲ್ಲಿ ಅವಳು ಬಿತ್ತನೆಯ ಶೇಂಗಾ ಸುಲಿಯುವ ಕೆಲಸ ಮನೆಗೆ ತಂದಳು. ಬಿಡುವಿದ್ದಾಗಲೆಲ್ಲ ಎಲ್ಲರೂ ಸುತ್ತ ಕೂತು ಸುಲಿದೆವು. ಹತ್ತು ವರ್ಷದ ನನ್ನ ಹೆಬ್ಬೆರಳು ಬಾತುಕೊಂಡಿತ್ತು. ಆ ಕೂಲಿಯನ್ನು ಮನೆಯ ಬೇರೆ ಯಾವ ಖರ್ಚಿಗೂ ಅವಳು ಮುಟ್ಟಲಿಲ್ಲ. ಸಾಲೆಗೆ ರಜೆ ಇರುವಾಗಲೇ ಹೋಗಿಬರೋಣವೆಂದು ಅಪ್ಪ ಅಂದಾಗ, ಬೇಸಿಗೆಯಲ್ಲಿ ಡ್ಯಾಮಿನೊಳಗೆ ಏನಿರುತ್ತದೆ ಎಂದು ಕೇಳಿದಳು. ಮಳೆಗಾಲದಲ್ಲಾದರೆ ನೀರು ತುಂಬಿರುತ್ತದೆ, ಹತ್ತಿಯ ಹಂಗಾಮು ಮುಗಿದು ಮಿಲ್ಲೂ ಮುಚ್ಚಿರುತ್ತದೆ, ಹೋದದ್ದಕ್ಕೆ ಅಪ್ಪನ ಕೂಲಿ ತಪ್ಪುವುದಿಲ್ಲ. ಅಪ್ಪನಿಗೆ ಅದು ಹೊಳೆದೇ ಇರಲಿಲ್ಲ.

ಆಮೇಲೆ ಅವಳು ನನ್ನನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗತೊಡಗಿದಳು. ಅಲ್ಲಿನ ಹಮಾಲನೊಬ್ಬನನ್ನು ತೆಲುಗಿನಲ್ಲಿ ಮಾತಾಡಿಸಿ ರೈಲುಗಳ ಹೊತ್ತು ಕೇಳುತ್ತಿದ್ದಳು. ನಾನು ಸಾಲೆಯ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಮನೆಗೆ ಬರುವ ದಾರಿಯಲ್ಲಿ ಅವಳು ಅದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಳು. ನಾನು ಹಾಳೆ ನೋಡಿದರೆ ಒಂದೂ ತಪ್ಪಿರುತ್ತಿರಲಿಲ್ಲ.

ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ತಾನು ಬರುವುದಿಲ್ಲ ಎಂದಳು.

"ನನ್ನ ಟಿಕೀಟಿನ ರೊಕ್ಕದಾಗ ಹುಡುಗರಿಗೆ ಏನರ ಕೊಡಸು. ಕಣ್ಣ ಇಲ್ಲದಾಕಿ ಡ್ಯಾಮಿಗೆ ಬಂದು ಏನ ಮಾಡ್ಲಿ?"

"ನೀರಿನ ಸಪ್ಪಳ ಕೇಳ್ರಿ ಅತ್ತಿ. ಕಂಡದ್ದು ಹುಡುಗರು ಹೇಳ್ತಾರ," ಎಂದಳು ಅವ್ವ. "ನಿಮ್ಮನ್ನ ಬಿಟ್ಟು ಹೋಗಾಕ ನಾನು ಶೇಂಗಾ ಸುಲಿದಿಲ್ಲ."

ಅಜ್ಜಿ ಬಂದರೆ, ರೈಲು ಇಳಿಯುವ ಹೊಸಪೇಟೆಯಿಂದ ಡ್ಯಾಮಿಗೆ ನಡೆಯುವುದು ಆಗುತ್ತಿರಲಿಲ್ಲ; ಎಲ್ಲರೂ ಬಸ್ಸು ಹತ್ತುವಷ್ಟು ರೊಕ್ಕವೂ ಇರಲಿಲ್ಲ. ಅದಕ್ಕೂ ಅವ್ವ ದಾರಿ ಕಂಡುಕೊಂಡಳು. ಅಪ್ಪ, ಅಜ್ಜಿ, ತಮ್ಮ, ತಂಗಿ ಬಸ್ಸಿನಲ್ಲಿ ಹೋಗುವುದು, ಅವಳೂ ನಾನೂ ನಡೆದು ಹೋಗುವುದು.

ಶ್ರಾವಣದಲ್ಲಿ ಹೊರಟೆವು. ಎರಡು ಗಂಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಂಡಿಬೆಲ್ಲ. ಗುಂತಕಲ್ಲಿನಲ್ಲಿ ಇಳಿದು ಹೊಸಪೇಟೆಯ ಸಣ್ಣ ರೈಲು ಹತ್ತಬೇಕಿತ್ತು. ನಮ್ಮ ರೈಲು ತಡವಾಗಿ ಮುಟ್ಟುವಷ್ಟರಲ್ಲಿ ಅದು ಹೋಗಿಬಿಟ್ಟಿತ್ತು. ಅಪ್ಪ ಗಂಟಿನ ಪಕ್ಕ ಕುಸಿದು ಕೂತು, ವಾಪಸು ಹೋಗೋಣ ಎಂದ. ತಮ್ಮ ಅಳುವುದಕ್ಕೆ ಶುರು ಮಾಡಿದ.

ಅವ್ವ ಗಂಟು ಬಿಚ್ಚಿದಳು. "ಇದು ತಪ್ಪಿದ್ರ ಮುಂದ ಯಾವುದು ಅಂತನೂ ಕೇಳಿಟ್ಟೀನಿ. ಸಂಜಿಗೊಂದು ಐತಿ. ಅಲ್ಲೀತನಕ ಉಂಡು ಅಡ್ಡಾಗ್ರಿ."

ನಾನು ಹಾಳೆ ತೆಗೆದು ನೋಡಿದೆ. ಆ ಸಂಜೆಯ ರೈಲು ನನ್ನ ಕೈಯಕ್ಷರದಲ್ಲೇ ಇತ್ತು. ಬರೆದದ್ದು ನನಗೇ ಮರೆತುಹೋಗಿತ್ತು.

ಆ ರೈಲು ಹಿಡಿದು ಹೋಗಿ ಹೊಸಪೇಟೆಯ ಛತ್ರದಲ್ಲಿ ಮಲಗಿ, ಬೆಳಿಗ್ಗೆ ಅವಳು ಹೇಳಿದ ಹಾಗೆಯೇ ಹೊರಟೆವು. ಅವ್ವ ಬಿರಬಿರನೆ ಮುಂದೆ, ನಾನು ಹಿಂದೆ ಹಿಂದೆ. ನೀರು ಕಾಣುವ ಮೊದಲೇ ಅದರ ಮೊರೆತ ಕೇಳಿಸಿತು. ಡ್ಯಾಮಿನ ಬಾಗಿಲುಗಳಿಂದ ಬೀಳುತ್ತಿದ್ದ ನೀರು ಹೊಗೆಯಂತೆ ಮೇಲೆದ್ದು ನಮ್ಮ ಮುಖ ತೋಯಿಸಿತು. ಅಷ್ಟು ನೀರನ್ನು ನಮ್ಮ ಸೀಮೆಯವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

ಅಜ್ಜಿ ಒಂದು ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿದ್ದ ಯಾರೋ ಹೆಂಗಸಿನ ಜೊತೆ ಮಾತಿಗಿಳಿದಿದ್ದಳು. ನಾವು ಬಂದದ್ದು ಅವಳಿಗೆ ತಿಳಿದಿರಲಿಲ್ಲ. ನಿಮ್ಮನ್ನು ಮಗ ಕರೆದುಕೊಂಡು ಬಂದನೇ ಎಂದು ಆ ಹೆಂಗಸು ಕೇಳಿದಳು.

"ಮಗನ್ನ ಸುದ್ದಾ ಸೊಸಿನೇ ಕರಕೊಂಡ ಬಂದಾಳ," ಎಂದಳು ಅಜ್ಜಿ.

ಅವ್ವ ಸೆರಗು ಸರಿಮಾಡಿಕೊಂಡು ಹೋಗಿ ಅತ್ತೆಯ ಪಕ್ಕ ಕೂತಳು.

ಆ ವರ್ಷ ನಮ್ಮ ಓಣಿಯಿಂದ ಇನ್ನೂ ಎರಡು ಕುಟುಂಬಗಳು ಡ್ಯಾಮಿಗೆ ಹೋಗಿಬಂದವು. ಹೊರಡುವ ಮುಂಚೆ ಅವರು ಕೇಳಲು ಬಂದದ್ದು ಸ್ಟೇಷನ್ನಿನವರನ್ನಲ್ಲ, ಅವ್ವನನ್ನು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಅವಳು ಎಲ್ಲಿ ಇಳಿಯಬೇಕು, ಯಾವುದು ಹತ್ತಬೇಕು, ಎಷ್ಟು ರೊಟ್ಟಿ ಕಟ್ಟಬೇಕು ಎಂದು ಹೇಳುತ್ತಿದ್ದರೆ, ನಾನು ಪಕ್ಕದಲ್ಲಿ ಕೂತು ಬಂದವರಿಗೆ ಬರೆದುಕೊಡುತ್ತಿದ್ದೆ.