ಮೆಟ್ಟಿಲ ತುದಿಯ ಹುಡುಗಿ

ದೆವ್ವ, ಭೂತ, ಪೂರ್ವಜನ್ಮ ಅಂತ ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗ ಕೂತು ಕೇಳುತ್ತೇನೆ. ನಂಬುತ್ತೇನೆ ಎಂದಲ್ಲ, ನಗುವ ಧೈರ್ಯ ಹೋಗಿದೆ, ಅಷ್ಟೆ.

ಗುರುಗ್ರಾಮದಲ್ಲಿ ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಸರಿಪಡಿಸುವ ಕೆಲಸ ನನ್ನದು. ಕೆಲವು ವರ್ಷಗಳ ಹಿಂದೆ ಪೋಲೆಂಡಿನ ಪುಟ್ಟ ಹಳ್ಳಿಯೊಂದರಿಂದ ಒಂದಷ್ಟು ಚಿತ್ರಗಳು ಬಂದವು. ಒಂದು ಕಾಲಕ್ಕೆ ಆ ಊರಿನ ಅರ್ಧದಷ್ಟು ಮನೆಗಳು ಯಹೂದಿಗಳವು. ರೊಟ್ಟಿ ಸುಡುವವರು, ದರ್ಜಿಗಳು, ಕುದುರೆ ವ್ಯಾಪಾರದವರು. ಯುದ್ಧಕಾಲದಲ್ಲಿ ಜರ್ಮನ್ ಸೈನಿಕರು ಒಂದೇ ಬೆಳಿಗ್ಗೆ ಅಷ್ಟೂ ಜನರನ್ನು ಕೊಲ್ಲಲು ಸಾಗಿಸಿದರು. ರೈತನೊಬ್ಬನ ಅಟ್ಟದಲ್ಲಿ ಅಡಗಿದ್ದ ಏಳು ವರ್ಷದ ಹುಡುಗಿ ಮಾತ್ರ ಉಳಿದಳು. ಈಗ ಆಕೆ ತೊಂಬತ್ತರ ಹತ್ತಿರದ ಅಜ್ಜಿ, ಆಸ್ಪತ್ರೆಯಲ್ಲಿದ್ದಾರೆ ಎಂದು ಆ ಊರಿನ ಚರಿತ್ರೆ ಬರೆಯುತ್ತಿದ್ದ ಶಾಲಾ ಮೇಷ್ಟರು ತಿಳಿಸಿದರು. ಅಂದು ಒಯ್ದವರಲ್ಲಿದ್ದ ಅಕ್ಕನ ಮುಖ ಅಜ್ಜಿಗೆ ಮರೆತುಹೋಗಿತ್ತು. ಸಾಯುವ ಮೊದಲು ಒಮ್ಮೆ ನೋಡಬೇಕು ಎಂಬುದೊಂದೇ ಆಸೆ.

ಬಂದ ಚಿತ್ರಗಳಲ್ಲಿ ಅಕ್ಕ ಇರಬಹುದಾದದ್ದು ಒಂದೇ. ಮರದ ಪ್ರಾರ್ಥನಾಮಂದಿರದ ಮೆಟ್ಟಿಲ ಮೇಲೆ ಮಕ್ಕಳ ಸಾಲು. ಅಕ್ಕ ಬಲತುದಿಯಲ್ಲಿ ನಿಂತಿದ್ದಳೆಂದು ಅಜ್ಜಿಯ ನೆನಪು. ನಮ್ಮ ಗ್ರಹಚಾರ, ಆ ತುದಿಯನ್ನೇ ನೀರು ತಿಂದಿತ್ತು. ಅಲ್ಲಿ ಬರೀ ಬಿಳಿ.

ನಮ್ಮ ಸೂಪರ್‌ವೈಸರ್, ಕೊಡಗಿನ ಪೊನ್ನಮ್ಮ ಮೇಡಂ ಅವರ ಕಟ್ಟಪ್ಪಣೆಯೆಂದರೆ ಇಲ್ಲದ ಮುಖವನ್ನು ಕೈಯಾರೆ ಬಿಡಿಸಕೂಡದು. ನನಗೆ ಬಿಡಿಸಲು ಬಂದರೆ ತಾನೆ! ನಾನು ಬಿಡಿಸಿದ ಬೆಕ್ಕನ್ನು ನೋಡಿ ನನ್ನ ಮಗಳೇ "ಅಪ್ಪಾ, ಯೇ ಕ್ಯಾ ಹೈ?" ಅನ್ನುತ್ತಾಳೆ. ಆ ಮಧ್ಯಾಹ್ನ ಹೊಗೆಮಂಜು ಕವಿದು ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಬಿಳಿಯ ಜಾಗದಲ್ಲಿ ಮೆಟ್ಟಿಲಿನ ಮರದ ಗೆರೆಗಳನ್ನು ಎಳೆಯುತ್ತಿದ್ದೆ. ಹಾಗೆಂದೇ ನನ್ನ ನೆನಪು.

"ಅಚ್ಛಾ, ಇವಳ್ಯಾರು? ಬೆಳಿಗ್ಗೆ ಇರ್ಲಿಲ್ವಲ್ಲ," ಹಿಂದಿನಿಂದ ಮೇಡಂ ಕೇಳಿದರು.

ನೋಡುತ್ತೇನೆ, ಬಿಳಿಯಿದ್ದ ಜಾಗದಲ್ಲಿ ಸುಮಾರು ಹತ್ತು ವರ್ಷದ ಹುಡುಗಿ. ಎಡಹುಬ್ಬಿನ ನಡುವೆ ಗಾಯದ ಕಲೆ. ಖಾಲಿ ಜಾಗವನ್ನು ತಾನೇ ತುಂಬುವ ಸಾಫ್ಟ್‌ವೇರ್ ಇರಬೇಕು ಅಂತೀರಾ? ಅದು ಆಫ್ ಆಗಿತ್ತು. ಎರಡು ಸಲ ನೋಡಿದೆ.

"ಅಳಿಸಿಬಿಡಿ ಇದನ್ನ," ಎಂದರು ಮೇಡಂ. ಹೂಂ ಎಂದೆ. ಅಳಿಸಲಿಲ್ಲ. ಅಜ್ಜಿಯ ನೆನಪಾಗಿ, ಮೇಡಂ ಕಣ್ಣು ತಪ್ಪಿಸಿ ಮೇಷ್ಟರಿಗೆ ಕಳಿಸಿಬಿಟ್ಟೆ.

ಮರುದಿನ ಮೇಷ್ಟರ ಫೋನು. ಅಜ್ಜಿ ಆ ಹುಬ್ಬನ್ನೇ ಸವರಿ ಸವರಿ ಅತ್ತರಂತೆ. "ಅಕ್ಕನಿಗೆ ಸೌಟಿನಿಂದ ಹೊಡೆದವಳು ನಾನೇ. ಯಾರಿಗೂ ಹೇಳಿರಲಿಲ್ಲ," ಎಂದರಂತೆ. ವಾರದೊಳಗೆ ತೀರಿಕೊಂಡರು.

ಇಲ್ಲಿಗೆ ಮುಗಿದಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆ. ಆರು ತಿಂಗಳ ಮೇಲೆ ಅದೇ ಚಿತ್ರದ ಇನ್ನೊಂದು ಪ್ರತಿ ಮೇಷ್ಟರಿಗೆ ಸಿಕ್ಕಿತು, ಚೂರೂ ಹಾಳಾಗದ್ದು. ಬಲತುದಿಯಲ್ಲಿ ಯಾರೂ ಇಲ್ಲ. ಖಾಲಿ ಮೆಟ್ಟಿಲು. ಹಾಗಾದರೆ ನಾನು ಬಿಡಿಸಿದ್ದು ಯಾರನ್ನು? ಆ ಗಾಯ ನನ್ನ ಕೈಗೆ ಹೇಗೆ ಗೊತ್ತಾಯಿತು?

ಪುಸ್ತಕಕ್ಕೆ ಯಾವುದನ್ನು ಹಾಕಲಿ ಎಂದು ಮೇಷ್ಟರು ಕೇಳಿದರು. ಚರಿತ್ರೆಯಲ್ಲವೇ, ಸುಳ್ಳು ಸೇರಬಾರದು. ನಡೆದದ್ದನ್ನೆಲ್ಲ ಒಪ್ಪಿಕೊಂಡು, ಖಾಲಿ ಮೆಟ್ಟಿಲಿನದನ್ನೇ ಹಾಕಿ ಎಂದು ಬರೆದೆ. ಅವತ್ತು ಸಂಜೆ ಮನೆಗೆ ಮರಳುವಾಗ ಮಯೂರ್ ವಿಹಾರದ ಮೆಟ್ರೊದಲ್ಲಿ, ಅಷ್ಟು ಜನರ ನಡುವೆ ನಿಂತುಕೊಂಡೇ ಅತ್ತುಬಿಟ್ಟೆ. ಆ ಹುಡುಗಿಯನ್ನು ಅವಳ ಊರಿನಿಂದ ಎರಡನೆಯ ಸಲ ಹೊರಗೆ ಹಾಕಿದವನು ನಾನು.